ಬರೆಯದೆ ಬಿಟ್ಟ ಆ ಸಾಲು

ಶಿವಮೊಗ್ಗದ ಹತ್ತಿರ ಮಾಚೇನಹಳ್ಳಿಯಲ್ಲಿ ಕಬ್ಬಿಣದ ಎರಕ ಹೊಯ್ಯುವ ಒಂದು ಫೌಂಡ್ರಿಗೆ ಡೇಟಾಬೇಸ್ ಬರೆದುಕೊಟ್ಟವಳು ನಾನೇ. ಕರೆಂಟ್ ಹೋದರೂ ಅಳಿಸಿಹೋಗದ ಹೊಸ ಮೆಮೊರಿ ಆಗಷ್ಟೇ ಕೈಗೆ ಸಿಕ್ಕಿತ್ತು. ಡಿಸ್ಕಿನ ಗೋಜೇ ಬೇಡ, ಕರಗಿದ ಕಬ್ಬಿಣದ ಟೆಂಪರೇಚರ್ ಬ್ಯಾಚ್ ಬ್ಯಾಚಿಗೂ ನೇರ ಇದರಲ್ಲೇ ಉಳಿಯುತ್ತೆ ಅಂತ ಮೀಟಿಂಗಿನಲ್ಲಿ ಜಂಬ ಕೊಚ್ಚಿದ್ದೆ. ಆ ಬಾಯಿಗೆ ಅವತ್ತೇ ಬೀಗ ಹಾಕಬೇಕಿತ್ತು.

ಫರ್ನೆಸ್ ನೋಡಿಕೊಳ್ಳುತ್ತಿದ್ದವರು ಭದ್ರಾವತಿಯ ಹಿರಿಯರೊಬ್ಬರು. ಕಬ್ಬಿಣದ ಬಣ್ಣ ನೋಡಿಯೇ ಟೆಂಪರೇಚರ್ ಹೇಳುವವರು. ನಾನು ಅಣ್ಣ ಅನ್ನುತ್ತಿದ್ದೆ. ಒಂದು ಮಧ್ಯಾಹ್ನ ಕರೆಂಟ್ ಹೋಯಿತು, ಯುಪಿಎಸ್ಸೂ ಕೈಕೊಟ್ಟಿತು. ಮತ್ತೆ ಬಂದಾಗ ಒಂದು ಬ್ಯಾಚಿನ ಟೆಂಪರೇಚರ್ ಜಾಗ ಖಾಲಿ. ದಾಖಲೆ ಇಲ್ಲದ ಮಾಲನ್ನು ಗಿರಾಕಿ ಮುಟ್ಟುವುದಿಲ್ಲ. ಅಷ್ಟೂ ಗುಜರಿ ಪಾಲಾಯಿತು.

"ನಾನು ಅಳೆದು ಸಿಸ್ಟಂಗೆ ಹಾಕಿದ್ದೀನಿ ಸಾರ್, ದೇವರಾಣೆ," ಅಂದರು ಅಣ್ಣ.

ಮಾಲೀಕರು ನನ್ನ ಕಡೆ ತಿರುಗಿದರು. "ಮೇಡಂ, ನಿಮ್ಮ ಸಿಸ್ಟಂ ಕಳ್ಕೊಂಡಿರಬಹುದಾ?"

"ಇಲ್ಲ ಸಾರ್," ಅಂದೆ. ಅಳೆಯದೆ ಸುಳ್ಳು ಹೇಳಿದ ಅಂತ ಅಣ್ಣನನ್ನು ಅವತ್ತೇ ಮನೆಗೆ ಕಳಿಸಿದರು.

ತಪ್ಪು ಸಿಕ್ಕಿದ್ದು ಮೂರು ವಾರದ ಮೇಲೆ. ನಾವು ಬರೆದದ್ದು ಸೀದಾ ಆ ಮೆಮೊರಿಗೆ ಹೋಗುವುದಿಲ್ಲ, ಮೊದಲು ಪ್ರೊಸೆಸರ್ ತನ್ನೊಳಗಿನ ಕ್ಯಾಶ್ ಅನ್ನುವ ತಾತ್ಕಾಲಿಕ ಜಾಗದಲ್ಲಿ ಇಟ್ಟುಕೊಂಡಿರುತ್ತೆ. ಕರೆಂಟ್ ಹೋದರೆ ಕ್ಯಾಶ್ ಬರಿದಾಗುತ್ತೆ. ಅದಕ್ಕೇ ಕೂಡಲೇ ಮೆಮೊರಿಗೆ ತಳ್ಳು ಅಂತ ಪ್ರೋಗ್ರಾಮಿನಲ್ಲಿ ಒಂದು ಸಾಲು ಬರೆಯಬೇಕು. ಟೆಂಪರೇಚರ್ ವಿಷಯದಲ್ಲಿ ನಾನು ಆ ಸಾಲನ್ನೇ ಬರೆದಿರಲಿಲ್ಲ. ಇನ್ನು ನನ್ನ ಟೆಸ್ಟಿಂಗ್ ಚಂದ ಕೇಳಿ: ಪ್ರೋಗ್ರಾಮನ್ನು ನೂರಾರು ಸಲ ಮಧ್ಯದಲ್ಲೇ ನಿಲ್ಲಿಸಿ ನೋಡಿದ್ದೆ, ಹಾಗೆ ನಿಲ್ಲಿಸಿದರೆ ಕ್ಯಾಶ್ ಬರಿದಾಗುವುದೇ ಇಲ್ಲ; ಪ್ಲಗ್ ಮಾತ್ರ ಒಂದು ಸಲವೂ ಕಿತ್ತಿರಲಿಲ್ಲ. ಶಿವಮೊಗ್ಗದಲ್ಲಿ ಹುಟ್ಟಿ ಬೆಳೆದವಳಿಗೆ ಕರೆಂಟ್ ಹೋಗುವುದು ಹೇಗೆ ಅಂತ ಯಾರಾದರೂ ಹೇಳಿಕೊಡಬೇಕಿತ್ತಾ? ಥೂ, ನನ್ನ ಇಂಜಿನಿಯರಿಂಗಿಗೆ ಬೆಂಕಿ ಬೀಳ!

ಮಾಲೀಕರಿಗೆ ಹೇಳಿದೆ. "ಅವರ ಜಾಗಕ್ಕೆ ಬೇರೆಯವರು ಬಂದಾಯ್ತಲ್ಲ ಮೇಡಂ. ನೀವು ಸರಿ ಮಾಡಿಬಿಡಿ, ಸಾಕು," ಅಂದರು. ನನ್ನ ಕೆಲಸ ಉಳಿಯಿತು, ನೋಡಿ.

ಬಸ್ ಹತ್ತಿ ಭದ್ರಾವತಿಗೆ ಹೋದೆ. ಅಣ್ಣ ಬಾಗಿಲಲ್ಲೇ ನಿಂತು ಕೇಳಿಸಿಕೊಂಡರು. ನೀವು ಅಳೆದದ್ದು ನಿಜ, ತಪ್ಪು ನನ್ನದು ಅಂದೆ. ಬೈದಿದ್ದರೆ ಚೆನ್ನಾಗಿರುತ್ತಿತ್ತು, ಬೈಯಲಿಲ್ಲ.

"ಒಂದು ಕೇಳ್ತೀನಿ ಮೇಡಂ," ಅಂದರು. "ಅವತ್ತು ಮಾಲೀಕರು ಕೇಳಿದಾಗ ನಿಮಗೆ ಅನುಮಾನವೇ ಬರಲಿಲ್ವಾ?"

"ಬಂದಿತ್ತು," ಅಂದೆ.

ಅಣ್ಣ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.