ಕೆಮ್ಮಣ್ಣು ಹಚ್ಚಿದ ಬ್ಯಾಳಿ

ಮುಂಜಾನಿ ತೊಗರಿ ಬ್ಯಾಳಿಗೆ ನೀರು ಹಾಕಿದೆ, ನೀರು ಕೆಂಪಾತು. ಕೆಮ್ಮಣ್ಣಿನ ವಾಸನಿ ಮೂಗಿಗೆ ಬಡದು ಎದಿ ತಂಪಾತು. ತವರುಮನಿ ನಾಗಣಸೂರಿಂದ ವೈನಿ, ನಮ್ಮ ಅಣ್ಣನ ಹೇಣ್ತಿ, ಕಳಿಸಿದ ಗಂಟು ಅದು. ಆದ್ರ ಎರಡನೇ ನೀರಿಗೆ ಬ್ಯಾಳಿ ಮಿಂಚಾಕತ್ತಿತು. ನಮ್ಮ ಹೊಲದ ಬ್ಯಾಳಿ ಎಂದೂ ಮಿಂಚಿದ್ದಲ್ಲ ನೋಡ್ರಿ. ಅರ್ಧ ಸಿಪ್ಪಿ, ನಡುನಡುವ ಕಲ್ಲು, ಥೇಟ್ ನನ್ನ ಮಾರಿ ಹಂಗ. ಇದು ಅಂಗಡಿ ಬ್ಯಾಳಿ.

ಕೆಮ್ಮಣ್ಣು ಹಚ್ಚೂದು ಇಡೀ ತೊಗರಿಗೆ. ಹಚ್ಚಿ, ಒಣಗಿಸಿ ಬೀಸಿದ್ರ ಸಿಪ್ಪಿ ಬಿಡತೈತಿ. ಒಡದ ಬ್ಯಾಳಿಗೆ ಮಣ್ಣು ಹಚ್ಚಿದವರನ್ನ ನಾ ಎಲ್ಲೂ ಕಂಡಿಲ್ಲ. ವೈನಿ ಹಚ್ಯಾಳ. ಅಂಗಡೀದು ನಮ್ಮ ಹೊಲದ ಬ್ಯಾಳಿ ಹಂಗ ಕಾಣಲಿ ಅಂತ.

"ಅಕ್ಕಡಿ ಹೋತಲ್ಲ," ಅಂದೆ ನನ್ನಷ್ಟಕ್ಕ ನಾನ.

"ಅಕ್ಕಡಿ ಮ್ಹಂಜೆ ಕಾಯ್, ಮಮ್ಮಿ?" ಅಂದ್ಲು ಮಗಳು. ಅಕಿಗೆ ಕನ್ನಡ ಕಿವೀಗೆ ಸಾಕು, ನಾಲಿಗೀಗೆ ಮರಾಠೀನ ಬೇಕು.

ಅಕ್ಕಡಿ ಅಂದ್ರೇನು ಅಂತ ಹೇಳಾಕ ಕುಂತೆ. ಸಜ್ಜಿ ಹೊಲದಾಗ ಸಾಲಿನ ನಡುವ ಒಂದು ಸಾಲು ತೊಗರಿ, ಹೆಸರು, ಮಡಿಕಿ ಹಾಕತಿದ್ರು; ಹಿಂಗಾರಿ ಜ್ವಾಳದಾಗ ಕಡ್ಲಿ, ಕುಸುಬಿ. ಅದಕ್ಕ ಅಕ್ಕಡಿ ಅಂತಾರ. ಹೊಲ ಗಂಡಸರದು, ಅಕ್ಕಡಿ ಹೆಂಗಸರದು. ಕೊಟ್ಟ ಮನೀಗೆ ಹೋದ ಹೆಣ್ಣಮಕ್ಕಳಿಗೆ ಗಂಟು ಅದರಾಗಿಂದನ ಕಟ್ಟೂದು. ವೈನಿ ಹೊಸದಾಗಿ ಬಂದಾಗ ಅಣ್ಣಗೂ ಅಂದಿದ್ಲು, "ಈ ಸಾಲು ನಂದ್ರಿ. ಹುಷಾರಿಲೆ ಕಾಲಿಡ್ರಿ."

ಆಮ್ಯಾಲ ಬೋರು ಬಂತು. ಬಾವಿ ಕಡಿ ಒಂದೀಟು ಕಬ್ಬು, ನಂತರ ದ್ರಾಕ್ಷಿ, ಅದನ್ನ ಕಿತ್ತು ಸೋಯಾಬಿನ್. ಈಗ ಬದುವಿನಿಂದ ಬದುವಿಗೆ ಕಬ್ಬ. ಹೊಲ ಹೋಗಿ ತ್ವಾಟ ಆತು ಅಂತ ಎಲ್ಲಾರಿಗೂ ಖುಷಿ. ನನಗೂ ಆಗಿತ್ತು, ಹೋದಾಗೆಲ್ಲಾ ಕಬ್ಬು ತಿಂದು ಹೊಟ್ಟಿ ಕೆಡಿಸಿಕೊಂಡಾಕಿ ನಾನ. ವೈನಿಗೆ ಏನು ಉಳೀತು ಅಂತ ಯಾರೂ ಕೇಳಲಿಲ್ಲ.

ಕುಕ್ಕರ ಒಲಿ ಮ್ಯಾಲ ಇಟ್ಟೆ, ಇಳಿಸಿದೆ. ಬಾಗಲಕ್ಕ ಹೋದೆ, ಬಂದೆ. ನಮ್ಮ ಮನಿ ಎಂಐಡಿಸಿ ಕಾರ್ಖಾನಿಗಳ ಹಿಂದ. ಮಗ್ಗದ ಖಟಖಟ ದಿನಾ ಕೇಳತೈತಿ, ಇವತ್ತು ತಲ್ಯಾಗ ಹೊಕ್ಕು ಕುಂತಂಗಾತು. ತಡೀಲಿಲ್ಲ, ಫೋನ್ ಮಾಡಿದೆ.

"ಬ್ಯಾಳಿ ಹೆಂಗೈತಿ ತಂಗಿ?" ವೈನಿ ದನಿ ಸಣ್ಣದಿತ್ತು.

"ಚೊಲೋ ಐತ್ರಿ ವೈನಿ. ಭಾಳ ಮಿಂಚತೈತಿ."

ನನಗ ತಿಳದದ್ದು ಅಕಿಗೆ ಗೊತ್ತಾತು. ಅಂದ್ಲು, "ಮಣ್ಣರೆ ನಮ್ಮೂರದು ಐತಿ."

"ಅಣ್ಣಗ ಕೊಡ್ರಿ ಫೋನು," ಅಂದೆ.

"ಅಣ್ಣಾ, ತವರಿನ ಹೊಲದಾಗ ನಾ ಎಂದೂ ಪಾಲ ಕೇಳಿಲ್ಲ. ಈಗ ಒಂದು ಸಾಲ ಬೇಕು."

ನಮ್ಮ ಬಾಯಾಗ ಬಿತ್ತೂ ಸಾಲೂ ಸಾಲನ, ಕಡ ತರೂದೂ ಸಾಲನ. ಅಣ್ಣ ಗಾಬರ್ಯಾದ. "ಸಾಲ ಯಾಕವ್ವ? ಮನ್ಯಾಗ ಎಲ್ಲಾ ಬರೋಬರಿ ಐತಿಲ್ಲೊ? ಎಷ್ಟು ಬೇಕ ಹೇಳು."

"ಹೊಲದ ಉದ್ದ ಬೇಕು," ಅಂದೆ. "ವೈನಿಗೆ."

ಆ ಕಡಿ ವೈನಿ ನಕ್ಕದ್ದು ಕೇಳಿಸ್ತು. ಅಣ್ಣ ಇನ್ನೂ ಹೂಂ ಅಂದಿಲ್ಲ. ನಾ ಫೋನ್ ಇಟ್ಟಿಲ್ಲ.