ನಾಲ್ಕನೇ ಕೋರಿನ ಮೇಲೆ ಬಿದ್ದ ಟೈಮರುಗಳು

ಬೇತಮಂಗಲದ ಆಚೆಯ ಊರಿನ ಡೈರಿಯಲ್ಲಿ ಸೆಕ್ರೆಟರಿ ಕೋದಂಡಪ್ಪ ಮುನಿನಾರಾಯಣಮ್ಮನ ಕ್ಯಾನಿನ ಹಾಲನ್ನು ಎಲ್ಲರೆದುರೇ ಮೋರಿಗೆ ಸುರಿದ. ಹಾಲಿಗೆ ನೀರು ಬೆರೆತಿದೆ ಎಂದು ಪರೀಕ್ಷೆಯ ಮಿಶಿನ್ ತೋರಿಸಿದ್ದು ಆ ವಾರ ಅದು ಮೂರನೇ ಸಲ. ಬೋರ್ಡಿನಲ್ಲಿ ಅವಳ ಹೆಸರನ್ನೂ ಬರೆದ.

ಆ ಮಿಶಿನ್ನಿನ ಕರ್ನೆಲ್, ಅಂದರೆ ಪ್ರೊಸೆಸರಿಗೆ ಕೆಲಸ ಹಂಚುವ ಒಳಗಿನ ತಂತ್ರಾಂಶ, ಅವಳ ಅಕ್ಕನ ಮಗಳು ವನಿತಾಳ ಜವಾಬ್ದಾರಿ. ಹಸು ಕರೆದೇ ಬೆಳೆದ ವನಿತಾ ಡಿಪ್ಲೊಮಾ ಮುಗಿಸಿ, ಹನ್ನೆರಡು ವರ್ಷದಿಂದ ರಾಬರ್ಟ್‌ಸನ್‌ಪೇಟೆಯಲ್ಲಿ ಬಟ್ಟೆ ಅಂಗಡಿಯೊಂದರ ಮೇಲಿದ್ದ, ಈ ಮಿಶಿನ್ನುಗಳನ್ನು ತಯಾರಿಸಿ ಮಾರುವ ಪುಟ್ಟ ಕಚೇರಿಗೆ ಬಸ್ಸಿನಲ್ಲಿ ಓಡಾಡುತ್ತಿದ್ದಳು.

"ಆಲ್ಗೆ ನೀರ್ ಬೆರ್ಸೋ ಬುದ್ಧಿ ನಂಗಿದ್ಯೇನೇ? ನೀನೇ ಏಳು" ಎಂದು ಚಿಕ್ಕಮ್ಮ ಕೇಳಿದಳು. ವನಿತಾ ಡೈರಿಯ ಅಳತೆ ಚೀಟಿಗಳನ್ನೆಲ್ಲ ತರಿಸಿಕೊಂಡು ನೋಡಿದಳು. ನೀರು ಬೆರೆಸಿದ್ದಾರೆ ಎನಿಸಿಕೊಂಡವರೆಲ್ಲ ಸಾಲಿನ ಕೊನೆಯವರು. ಚಿಕ್ಕಮ್ಮನ ಮನೆ ತೋಟದಲ್ಲಿ. ನಡೆದು ಬರುವಷ್ಟರಲ್ಲಿ ಅವಳೇ ಯಾವಾಗಲೂ ಕೊನೆ.

ಕಚೇರಿಯ ಯಜಮಾನ ಸುಧಾಕರ್‌ಗೆ ಇದನ್ನು ಹೇಳಿದಳು. ಅವನು ನಕ್ಕ. "ಹಳ್ಳಿಯವರು ನೀರು ಬೆರೆಸೋದು ಹೊಸದೇನ್ರೀ ವನಿತಾ? ತಡವಾಗಿ ಬರೋರಿಗೆ ಬೆರೆಸೋಕೆ ಪುರುಸೊತ್ತು ಜಾಸ್ತಿ."

ಅವಳು ಹೋಗಿ ಕಚೇರಿಯಲ್ಲಿದ್ದ ಅಂಥದೇ ಮಿಶಿನ್ ಮುಂದೆ ಕೂತಳು.

ಆ ಪ್ರೊಸೆಸರಿಗೆ ನಾಲ್ಕು ಕೋರು, ಅಂದರೆ ಬೇರೆಬೇರೆ ಕೆಲಸವನ್ನು ಒಟ್ಟಿಗೇ ಮಾಡಬಲ್ಲ ನಾಲ್ಕು ಭಾಗ. ನಾಲ್ಕನೆಯದು ಹಾಲು ಅಳೆಯುವುದಕ್ಕೇ ಮೀಸಲು. ಅದು ಒಂದು ಗಳಿಗೆ ಕಣ್ಣು ತಪ್ಪಿಸಿದರೂ ಅಳತೆ ಕೆಡುತ್ತದೆ. ಚೀಟಿ, ಪರದೆ, ಮೆಸೇಜು ಉಳಿದ ಮೂರರ ಪಾಲು. ಇಂಥ ಕೆಲಸವನ್ನು ಇಷ್ಟು ಹೊತ್ತಿನ ಮೇಲೆ ಮಾಡು ಎಂದು ಯಾವುದಾದರೂ ತಂತ್ರಾಂಶ ಟೈಮರ್ ಇಟ್ಟರೆ, ಅದು ಯಾವ ಕೋರಿನಲ್ಲಿ ನಡೆಯಬೇಕೆಂದು ಕರ್ನೆಲ್ ತೀರ್ಮಾನಿಸಬೇಕು. ಬ್ಯಾಟರಿ ಉಳಿಸಲು ಅದು ಮಲಗಿದ ಕೋರನ್ನು ಎಬ್ಬಿಸದೆ ಟೈಮರನ್ನು ಎದ್ದಿರುವುದಕ್ಕೆ ದಾಟಿಸುತ್ತದೆ. ಸಾಲು ಕರಗುತ್ತ ಬಂದಂತೆ ಕೆಲಸ ಕಡಿಮೆಯಾಗಿ ಉಳಿದ ಮೂರೂ ಕೋರುಗಳು ಮಲಗುತ್ತಿದ್ದವು. ಎದ್ದಿರುವುದು ನಾಲ್ಕನೆಯದೊಂದೇ. ಎಲ್ಲ ಕೆಲಸಗಳ ಟೈಮರುಗಳೂ ಅದರ ತಲೆಗೆ. ಅಳತೆಯ ನಡುವೆ ಅದು ಅವನ್ನು ಮುಗಿಸಿ ಬರುವಷ್ಟರಲ್ಲಿ ಅಳತೆ ಕೆಟ್ಟು ಹಾಲು ನೀರಾಗಿ ಕಾಣುತ್ತಿತ್ತು.

ಮೀಸಲು ಕೋರಿಗೆ ಬೇರೆ ಕೆಲಸಗಳ ಟೈಮರ್ ಕೊಡಬಾರದು ಎಂಬ ಸಾಲನ್ನು ಕರ್ನೆಲ್‌ನಲ್ಲಿ ತಾನೇ ಬರೆದಿದ್ದು ಅವಳಿಗೆ ನೆನಪಿತ್ತು. ಈಗ ಅದಿರಲಿಲ್ಲ. ಬದಲಾವಣೆಗಳ ಪಟ್ಟಿ ತೆಗೆದಳು. ಅಳಿಸಿದವನು ಸುಧಾಕರ್. ಬ್ಯಾಟರಿ ಎರಡು ಗಂಟೆ ಹೆಚ್ಚು ಬರುತ್ತದೆ ಎಂದು ಕೊಳ್ಳುವವರ ಮುಂದೆ ಮೀಸೆ ತಿರುವಿದ್ದು ಇದರಿಂದಲೇ. ಕೆಳಗೆ, ಪರಿಶೀಲಿಸಿ ಒಪ್ಪಿದವರ ಜಾಗದಲ್ಲಿ ವನಿತಾಳ ಹೆಸರು. ಅವತ್ತು ರಾಶಿ ಬಿದ್ದ ಬದಲಾವಣೆಗಳಿಗೆಲ್ಲ ಓದದೆ ಒಪ್ಪಿಗೆ ಒತ್ತಿ ಬಸ್ಸಿಗೆ ಓಡಿದ್ದಳು. ಆ ಹೆಸರು ನೋಡಿ ತನ್ನ ಬಗ್ಗೆಯೇ ಹೇಸಿಗೆ ಬಂತು.

ಆ ಸಾಲನ್ನು ಮತ್ತೆ ಸೇರಿಸಿದಳು. ಮೂರೂ ಮಲಗಿದ್ದರೆ ಮೊದಲನೆಯದನ್ನು ಎಬ್ಬಿಸಿಯಾದರೂ ಟೈಮರ್ ಅದಕ್ಕೇ ಹೋಗಬೇಕು. ಮನೆಯ ಹಾಲು ತಂದು ಇನ್ನೂರು ಸಲ ಅಳೆದಳು. ಒಂದು ಸಲವೂ ನೀರು ಕಾಣಲಿಲ್ಲ.

"ಡೈರಿಗಳಿಗೆ ಕೆಲಸದ ವೇಗ ಸುಧಾರಿಸಿದೆ ಅಂತ ಬರೆದು ಕಳಿಸಿ, ಸಾಕು" ಎಂದ ಸುಧಾಕರ್.

"ಜನರನ್ನ ಕಳ್ಳರು ಮಾಡಿದೀವಿ ಸಾರ್."

"ಸಾಬೀತು ಮಾಡೋರು ಯಾರು?"

ಅವನು ಚಹಾ ಹೀರುವ ಸದ್ದೂ ಅವಳಿಗೆ ಅಸಹ್ಯವಾಯಿತು. ಮಿಶಿನ್ ತಪ್ಪು ತೋರಿಸಿದೆ, ಒಪ್ಪಿಗೆ ಕೊಟ್ಟವಳು ನಾನು ಎಂದು ಬರೆದು ಎಲ್ಲ ಡೈರಿಗಳಿಗೂ ಕಳಿಸಿಬಿಟ್ಟಳು. ಸುಧಾಕರ್ ಕೂಗಾಡಿದ. ಆದರೆ ಅವಳನ್ನು ತೆಗೆದರೆ ಕರ್ನೆಲ್ ನೋಡುವವರು ಬೇರೆ ಯಾರೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಡೈರಿಗೆ ಹೋದಳು. ಕೋದಂಡಪ್ಪ ಬೋರ್ಡು ಒರೆಸುತ್ತ, "ಆಯ್ತು ಬಿಡಮ್ಮ, ಮಿಶಿನ್ ತಪ್ಪು" ಎಂದು ಗೊಣಗಿದ.

"ಎಲ್ಲರ ಮುಂದೆ ಹಾಲು ಚೆಲ್ಲಿದ್ರಲ್ಲ, ಇದನ್ನೂ ಎಲ್ಲರ ಮುಂದೆ ಹೇಳಿ."

ಅವನು ಹೇಳಿದ, ಕ್ಯಾನುಗಳ ಕಡೆ ಮುಖ ಮಾಡಿಕೊಂಡು. ಸಾಲಿನಲ್ಲಿ ಮುನಿನಾರಾಯಣಮ್ಮ ಇರಲಿಲ್ಲ. ಎರಡು ದಿನದಿಂದ ಅವಳು ಬೇತಮಂಗಲದ ಹೋಟೆಲೊಂದಕ್ಕೆ ಹಾಲು ಹಾಕುತ್ತಿದ್ದಳು.

ವನಿತಾ ತೋಟಕ್ಕೆ ಹೋಗಿ, ಒಪ್ಪಿಗೆ ಕೊಟ್ಟವಳು ತಾನೆಂಬುದನ್ನೂ ಬಿಡದೆ ಎಲ್ಲ ಹೇಳಿದಳು. ಚಿಕ್ಕಮ್ಮ ಹುಲ್ಲು ಹರವುತ್ತಲೇ ಕೇಳಿಸಿಕೊಂಡಳು.

"ಮಿಶಿನ್ ಏಳಿದ್ದನ್ನ ಊರೆಲ್ಲಾ ನಂಬ್ತು. ನಾನ್ ಏಳಿದ್ದನ್ನ ಒಬ್ರೂ ನಂಬ್ಲಿಲ್ಲ. ಆ ಡೈರಿ ಮೆಟ್ಲು ಇನ್ನು ನಾನು ತುಳಿಯಾಕಿಲ್ಲ, ನಡೀ."

ಅವಳು ಮತ್ತೆಂದೂ ಆ ಡೈರಿಗೆ ಹಾಲು ಹಾಕಲಿಲ್ಲ. ವನಿತಾ ಈಗಲೂ ಅದೇ ಕಚೇರಿಯಲ್ಲಿದ್ದಾಳೆ; ಸುಧಾಕರ್ ತರಿಸಿಕೊಡುವ ಚಹಾ ಮಾತ್ರ ಮುಟ್ಟುವುದಿಲ್ಲ.