ಮೀಸೆ ಮಾಮನಿಗೆ ಗೀರೂ ಬೀಳಲಿಲ್ಲ

ಕೆಂಪು ಟೋಪಿ, ದಪ್ಪ ಮೀಸೆ, ಗುಂಡು ಮೂಗು. ವಿಡಿಯೊ ಗೇಮಿನ ಆ ಕುಳ್ಳನ ಮುಖ ಕಂಡರೆ ಇವತ್ತಿಗೂ ನನಗೆ ಯಾರಿಗಾದರೂ ನಾಲ್ಕು ಬಾರಿಸಬೇಕು ಅನಿಸುತ್ತದೆ. ವಾಶಿಯ ಮಾಲಿನಲ್ಲಿ ಅವನು ಮಕ್ಕಳ ಅಂಗಿಯ ಮೇಲಿದ್ದಾನೆ, ನೀರಿನ ಬಾಟಲಿಯ ಮೇಲಿದ್ದಾನೆ. ತಲೆ ನರೆತ ಗಂಡಸರೂ ಅವನ ಚಿತ್ರದ ಟೀ ಶರ್ಟು ತೊಟ್ಟು ಸುತ್ತುತ್ತಾರೆ. ಎಷ್ಟೋ ಆಟಗಳು ಬಂದವು, ಹೋದವು. ಇವನು ಸಾಯುವುದಿಲ್ಲ. ಅವನ ಮೇಲೆ ಜನ ಎಷ್ಟು ಜೀವ ಇಟ್ಟಿದ್ದಾರೆಂದು ನಾನು ಕಣ್ಣಾರೆ ಕಂಡವಳು.

ಡೊಂಬಿವಲಿಯ ಕಾರ್ಖಾನೆಗಳ ಪ್ರದೇಶ ಎಂಐಡಿಸಿಯಲ್ಲಿ ಅಪ್ಪನ ಹೋಟೆಲು. ಉಡುಪಿ ಕಡೆಯಿಂದ ಬಂದು, ಲೋಟ ತೊಳೆದು, ಕೊನೆಗೆ ಗಲ್ಲಾದಲ್ಲಿ ಕೂತವರು ಅವರು. ಕೈ ತೊಳೆಯುವ ಬೇಸಿನ್ನಿನ ಪಕ್ಕದಲ್ಲಿ ಕಾಸು ಹಾಕಿ ಆಡುವ ಗೇಮ್ ಮಶೀನು ಇತ್ತು. ಪಕ್ಕದ ಊರು ಕಲ್ಯಾಣದ ಪೇಂಟರೊಬ್ಬ ಅದರ ಹಲಗೆಯ ಮೇಲೆ ಆ ಕುಳ್ಳನನ್ನು ಬಿಡಿಸುವಾಗ, ಇಳಿಬಿದ್ದ ಮೀಸೆ ತನಗೆ ಸರಿಕಾಣದೆ, ಕುಸ್ತಿ ಪೈಲ್ವಾನರ ಹಾಗೆ ಮೇಲಕ್ಕೆ ತಿರುವಿಬಿಟ್ಟಿದ್ದ. ಅಂದಿನಿಂದ ಗಲ್ಲಿಯ ಹುಡುಗರಿಗೆ ಅವನು ಮಾಮಾ ಆದ, ತಾಯಿಯ ಒಡಹುಟ್ಟಿದವನಾದ. ಅಪ್ಪ ಬರೀ ಅಣ್ಣಾ. ಆ ಊರಲ್ಲಿ ಇಡ್ಲಿ ಮಾರುವವರೆಲ್ಲ ಅಣ್ಣಾಗಳೇ, ಅದಕ್ಕೂ ಅಣ್ಣತಮ್ಮಂದಿರಿಗೂ ಸಂಬಂಧವಿಲ್ಲ.

ಅಪ್ಪನಿಗೆ ಅದು ಗೊತ್ತಿರಲಿಲ್ಲ, ಅಥವಾ ಗೊತ್ತಾಗುವುದು ಬೇಡವಾಗಿತ್ತು. ಈ ಗಲ್ಲಿ ತನ್ನದು, ಈ ಹುಡುಗರು ತನ್ನವರು ಎಂಬ ನಂಬಿಕೆಯೊಂದೇ ಅವರ ಆಸ್ತಿ. ಹುಡುಗರು ಆಟದಲ್ಲಿ ಮುಳುಗಿ ಹಸಿವು ಮರೆತರೆ ತಾವೇ ತಟ್ಟೆ ಹಿಡಿದು ಹೋಗಿ, "ಪಹಲೇ ಖಾ ರೇ, ವೋ ಭಾಗೇಗಾ ನಹೀ" ಎನ್ನುತ್ತಿದ್ದರು. ಮೊದಲು ತಿನ್ನೋ, ಅವನೇನು ಓಡಿಹೋಗುವುದಿಲ್ಲ. ಆ ಇಡ್ಲಿಗೆ ದುಡ್ಡು ಕೇಳುತ್ತಿರಲಿಲ್ಲ. ನನಗೆ ಉರಿಯುತ್ತಿತ್ತು.

ಒಂದು ದಿನ ಬಂದ್ ಆಯಿತು. ಯಾವುದಕ್ಕೆಂದು ನನಗೆ ನೆನಪಿಲ್ಲ, ಮಾಡಿದವರಿಗೂ ಇರಲಿಕ್ಕಿಲ್ಲ. ನಮ್ಮ ಹೋಟೆಲಿನವರಿಗೆ ಬಂದ್ ದಿನದ್ದೊಂದು ಪದ್ಧತಿಯಿದೆ. ಶಟರ್ ಅರ್ಧ ಇಳಿಸುವುದು, ಬಗ್ಗಿ ಒಳಗೆ ಬಂದವರಿಗೆ ಇದ್ದದ್ದು ಬಡಿಸುವುದು. ಕಾಲೇಜಿಲ್ಲವೆಂದು ನಾನು ಗಲ್ಲಾದಲ್ಲಿ ಕೂತಿದ್ದೆ. ಒಳಗೆ ಒಬ್ಬರೇ ಗಿರಾಕಿ, ವಿಜಯಪುರ ಕಡೆಯ ವಯಸ್ಸಾದ ಹಮಾಲರು. ಅವರು ಅನ್ನ ಕಲಸುತ್ತಲೇ ಹೇಳಿದರು, "ಸಾವ್ಕಾರ್ರ, ಶಟರ್ ಪೂರಾ ಇಳಸ್ರಿ. ಹೊರಗ ಹುಡುಗ್ರು ರಾಡ್ ಹಿಡ್ಕೊಂಡ್ ತಿರಗಾಕತ್ಯಾರ."

"ಎಂತ ಮಾಡ್ತಾರೆ ಮಾರಾಯ್ರೆ? ನಮ್ಮ ಹುಡುಗ್ರೇ ಅಲ್ವಾ" ಎಂದರು ಅಪ್ಪ.

ನಮ್ಮ ಹುಡುಗರೇ ಬಂದರು. ಶಟರಿಗೆ ಒದ್ದು ನುಗ್ಗಿದರು. ಮೊದಲ ಏಟಿಗೆ ತಿಂಡಿಯ ಗಾಜಿನ ಕಪಾಟು ಒಡೆದು ನನ್ನ ಮಡಿಲಿಗೆ ಚೂರುಗಳು ಬಿದ್ದವು. ಕುದಿಯುವ ಹಾಲಿನ ಪಾತ್ರೆಯನ್ನು ಉರುಳಿಸಿದರು. ಉಂಡ ಮನೆಯ ಜಂತಿ ಎಣಿಸಬಾರದು ಅನ್ನುತ್ತಾರೆ. ಇವರು ಎಣಿಸುವ ಗೋಜಿಗೇ ಹೋಗಲಿಲ್ಲ, ನೇರ ಮುರಿದರು. ಹಮಾಲರು ಎದ್ದು ಗೋಡೆಯ ಬದಿಗೆ ಸರಿಯುವಷ್ಟರಲ್ಲಿ ರಾಡು ಅವರ ತಲೆಗೆ ಬಿತ್ತು. ಅವರು ಸದ್ದಿಲ್ಲದೆ ಕುಸಿದರು. ಅಪ್ಪ ಒಬ್ಬ ಹುಡುಗನ ಕೈ ಹಿಡಿದು, "ಮೈ ಹೂಂ ರೇ, ಅಣ್ಣಾ" ಎಂದರು. ತಮ್ಮ ಗುರುತು ಅವನಿಗೆ ಸಿಕ್ಕಿಲ್ಲ ಎಂದುಕೊಂಡರೋ ಏನೋ. ಅವನು ಚೆನ್ನಾಗಿ ಗುರುತು ಹಿಡಿದೇ ಕೆನ್ನೆಗೆ ಬಾರಿಸಿದ.

ಆಮೇಲೆ ಒಬ್ಬ ಗೇಮ್ ಮಶೀನಿನ ಮೇಲೆ ರಾಡು ಎತ್ತಿದ. ಅಪ್ಪನಿಗೆ ಹೊಡೆದವನೇ ಓಡಿ ಬಂದು ಅಡ್ಡ ನಿಂತ. "ಏ, ತ್ಯಾಲಾ ನಕೋ. ಮಾಮಾ ಆಹೇ ಆಪ್ಲಾ." ಅವನಿಗೆ ಬೇಡ, ನಮ್ಮ ಮಾಮ. ಎತ್ತಿದ ರಾಡು ಇಳಿಯಿತು. ಎಲ್ಲರೂ ಹೊರಗೆ ಹೋದರು.

ನಾನು ದುಪಟ್ಟಾ ಹರಿದು ಹಮಾಲರ ತಲೆಗೆ ಕಟ್ಟಿದೆ. ರಕ್ತ ನಿಲ್ಲಲಿಲ್ಲ. ಅಪ್ಪ ಕೆನ್ನೆಯ ಮೇಲೆ ಕೈಯಿಟ್ಟುಕೊಂಡು ಆ ಮಶೀನನ್ನೇ ನೋಡುತ್ತಿದ್ದರು. ಗೀರೂ ಬಿದ್ದಿರಲಿಲ್ಲ. ಮೀಸೆ ತಿರುವಿಕೊಂಡು ನಗುತ್ತಿತ್ತು. ಅಪ್ಪ ಶಟರ್ ಎಳೆಯುವ ಕಬ್ಬಿಣದ ಕೊಕ್ಕೆ ತೆಗೆದುಕೊಂಡರು. ಇರುವೆ ಕಚ್ಚಿದರೂ ಕೊಡವಿ ಬಿಡುವ ಮನುಷ್ಯ ಅವರು. ಮೊದಲು ಪರದೆ ಒಡೆದರು, ಆಮೇಲೆ ಗುಂಡಿಗಳು, ಆಮೇಲೆ ಮುಖ. ಹಲಗೆ ಸೀಳಿ ಟೋಪಿ ಒಂದು ಕಡೆ, ಮೀಸೆ ಒಂದು ಕಡೆ ಆದರೂ ಹೊಡೆಯುವುದನ್ನು ನಿಲ್ಲಿಸಲಿಲ್ಲ. ನನಗೆ ಹೆದರಿಕೆಯಾಗಲಿಲ್ಲ. ಖುಷಿಯಾಯಿತು.

ಸದ್ದು ಕೇಳಿ, ಮಶೀನಿಗೆ ಅಡ್ಡ ನಿಂತಿದ್ದ ಆ ಹುಡುಗ ವಾಪಸು ಬಂದ. ಬಾಗಿಲಲ್ಲೇ ನಿಂತು ಕೇಳಿದ, "ಅಣ್ಣಾ, ತ್ಯಾನೇ ಕಾಯ್ ಕೇಲಂ?" ಅವನೇನು ಮಾಡಿದ್ದ?

ಹಮಾಲರು ದಾರಿಗೆ ಅಡ್ಡವಾಗಿ ಬಿದ್ದಿದ್ದರು. ಅವರ ಕಾಲು ದಾಟಿಕೊಂಡು ಹೋಗಿ, ಕುಕ್ಕರುಗಾಲಲ್ಲಿ ಕೂತು, ಮೀಸೆಯಿದ್ದ ಹಲಗೆಯ ತುಂಡನ್ನು ಎತ್ತಿಕೊಂಡ. ಅತ್ತ. ಹಾಲುಹಲ್ಲು ಬಿದ್ದ ಮಗುವಿನ ಹಾಗೆ ಬಿಕ್ಕಿಬಿಕ್ಕಿ ಅತ್ತ. ಅವನ ಬಗ್ಗಿದ ತಲೆಯ ಮೇಲೆ ಅಪ್ಪನ ಕೊಕ್ಕೆ ಎತ್ತಿದ್ದು ಎತ್ತಿದ ಹಾಗೇ ಇತ್ತು.

"ಹೊಡೀರಿ ಅಪ್ಪ" ಎಂದೆ. ಮನಸ್ಸಿಟ್ಟೇ ಹೇಳಿದೆ.

ಅಪ್ಪ ಕೊಕ್ಕೆಯನ್ನು ಮೇಜಿನ ಮೇಲಿಟ್ಟು ನನ್ನ ಕಡೆ ತಿರುಗಿದರು.

"ನಾನು ಸತ್ರೆ ಇವ್ನು ಹೀಗೆ ಅಳ್ತಾನಾ ಮಗಾ?"

"ಇಲ್ಲ" ಎಂದೆ. "ಬನ್ನಿ, ಇವರನ್ನು ದವಾಖಾನೆಗೆ ಕರ್ಕೊಂಡು ಹೋಗುವ."